ಒಂದು ಲ್ಯಾಟಿನ್ ಧಾತುವಿನ ಚರಿತ್ರೆ



ರಾಜರ ಚರಿತ್ರೆಯಂತೆ ಶಬ್ದಗಳಿಗೂ ಚರಿತ್ರೆಯುಂಟು. ಪ್ರಾಚೀನ ರೋಮನರ ಲ್ಯಾಟಿನ್ ಭಾಷೆಯ ಒಂದು ಕ್ರಿಯಾಪದದ ವಂಶವೃತ್ತಾಂತವನ್ನು ಈ ಹೊತ್ತು ತಮ್ಮ ಮುಂದೆ ಅರಿಕೆಮಾಡಲಿಚ್ಛಿಸುತ್ತೇನೆ.

ಆ ಪದವು ‘ಫೆರ್ರೆ’. ಹೊರುವುದು, ತರುವುದು ಎಂಬುದು ಅದರ ಮುಖ್ಯಾರ್ಥ. ಆದರೆ ರೋಮನರು ಅದರ ಮೇಲೆ ಇನ್ನೂ ಅನೇಕ ಅರ್ಥಗಳನ್ನು ಹೊರಿಸಿದ್ದರು. ಭೂಮಿಯು ಫಲಕೊಡುವುದೂ, ಮನುಷ್ಯನು ಕಷ್ಟವನ್ನು ತಾಳಿಕೊಳ್ಳುವುದೂ, ಸಭೆಯ ಮುಂದೆ ಕಾನೂನನ್ನು ತರುವುದೂ ಈ ಪದದಿಂದಲೇ ಹೇಳಲ್ಪಡುತ್ತಿದ್ದುವು. ‘ಫೆರುಂತ್’, ಎಂದರೆ ‘ಹೊರುತ್ತಾರೆ’ ಎಂಬ ರೂಪಕ್ಕೆ ‘ಜನರು ಹೀಗೆನ್ನುತ್ತಾರೆ’ ಎಂಬ ಅರ್ಥವೂ ಇದ್ದಿತು.

ಲ್ಯಾಟಿನ್ ಕಲಿಯುವವರು ಪ್ರತಿಯೊಂದು ಕ್ರಿಯಾಪದಕ್ಕೂ ನಾಲ್ಕು ಮುಖ್ಯರೂಪಗಳನ್ನು ಬಾಯಿಪಾಠ ಮಾಡುವುದು ರೂಢಿ. ಇದರ ರೂಪಗಳು ‘ಫೆರೋ, ಫೆರ್ರೆ, ತುಲಿ, ಲಾತುಮ್’ ಎಂಬಿವು. ‘ಹೊರುತ್ತೇನೆ’ ಎಂಬುದು ಫೆರೋ. ‘ಹೊತ್ತೆನು’ ಎಂಬುದು ತುಲಿ. ಇವೆರಡಕ್ಕೂ ಒಂದಕ್ಷರದ ಹೋಲಿಕೆಯೂ ಇಲ್ಲವಲ್ಲ ಎಂದು ವಿದ್ಯಾರ್ಥಿಯು ಬೆರಗಾಗುವನು. ಸಂಸ್ಕೃತ ಬಲ್ಲವರಿಗೆ ಇದು ಹೊಸದಲ್ಲ. ‘ದೃಶ್’ ಧಾತುವಿಗೆ ವರ್ತಮಾನದಲ್ಲಿ ‘ಪಶ್ಯತಿ’ ಎಂದೂ ಭೂತದಲ್ಲಿ ‘ದದರ್ಶ’ ಎಂದೂ ಆಗುವುದಷ್ಟೆ. ಎರಡು ಬೇರೆ ಬೇರೆ ಧಾತುಗಳು ಒಂದೇ ಮನೆಯಲ್ಲಿ ಕೂಡಿ ಸಂಸಾರ ನಡೆಸುತ್ತಿವೆ.

ಮೊದಲನೆಯ ಧಾತುವನ್ನು ನೋಡೋಣ. ಫೆರೋ, ಫೆರ್ಸ್, ಫೆರ್ತ್, ಫೆರುಂತ್ ಎಂಬಿವುಗಳ ಪಕ್ಕದಲ್ಲಿ ಸಂಸ್ಕೃತದ ಭರಾಮಿ, ಭರಸಿ, ಭರತಿ, ಭರಂತಿ ಎಂಬ ರೂಪಗಳನ್ನಿಟ್ಟರೆ ಬಾಂಧವ್ಯವು ತಾನಾಗಿಯೇ ಗೋಚರಿಸುವುದು. ಗ್ರೀಕರ ‘ಫೆರೋ’, ಇಂಗ್ಲಿಷಿನ ‘ಬೇರ್’ ಇವೂ ಇದೇ ಕುಲದವು. ಭಾರ, ಭರ್ತೃ, ಭೃತ್ಯ, ಭಾರ್ಯೆ ಎಂದು ನಾವು ಬಳಸುವ ಸಂಸ್ಕೃತ ಪದಗಳೂ ಈ ಧಾತುವಿನ ಸಂತಾನವೇ.

ಎರಡನೆಯದು ‘ಎತ್ತು’ ಎಂಬರ್ಥದ ಬೇರೊಂದು ಧಾತು. ಲ್ಯಾಟಿನ್ನಿನ ಹಳೆಯ ನಾಟಕಕಾರನಾದ ಪ್ಲಾಟಸ್ಸನಲ್ಲಿ ‘ತುಲಿ’ಗೆ ಬದಲಾಗಿ ‘ತೆತುಲಿ’ ಎಂಬ ದ್ವಿರುಕ್ತಿಯ ರೂಪವು ದೊರೆಯುತ್ತದೆ. ‘ಲಾತುಮ್’ ಎಂಬುದು ಮೊದಲು ‘ತ್ಲಾತುಮ್’ ಆಗಿದ್ದು, ಆದಿಯ ತಕಾರವು ಲೋಪವಾಗಿ ಈಗಿನ ರೂಪಕ್ಕೆ ಬಂದಿತು. ಗ್ರೀಕರಲ್ಲಿ ತಕ್ಕಡಿಗೂ ತೂಕಕ್ಕೂ ಹೆಸರಾದ ‘ತಾಲಂತೊನ್’, ಸಂಸ್ಕೃತದ ‘ತುಲಾ’ ಇವು ಅದರ ದಾಯಾದಿಗಳು.

ಈ ಬಾಂಧವ್ಯವು ಕಂಡುಬಂದುದು ಹೇಗೆ? ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದ ಸರ್ ವಿಲಿಯಂ ಜೋನ್ಸನು 1786ರಲ್ಲಿ ಏಷಿಯಾಟಿಕ್ ಸೊಸೈಟಿಯ ಮುಂದೆ ಮಾತನಾಡುತ್ತ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದು ಸಾರಿದನು. ಆ ಮೂಲವು ಪ್ರಾಯಶಃ ಈಗ ಉಳಿದಿಲ್ಲವೆಂದೂ ಸೂಚಿಸಿದನು. ಜರ್ಮನಿಯ ಫ್ರಾನ್ಸ್ ಬಾಪ್ ಪಂಡಿತನು 1816ರಲ್ಲಿ ಈ ಭಾಷೆಗಳ ಕ್ರಿಯಾರೂಪಗಳನ್ನು ಕ್ರಮವಾಗಿ ಹೋಲಿಸಿ ಗ್ರಂಥವನ್ನು ಪ್ರಕಟಿಸಿದನು. ಆದುದರಿಂದ ಲ್ಯಾಟಿನ್ ಸಂಸ್ಕೃತದ ಮಗಳಲ್ಲ, ಸೋದರಿ.

ಇಲ್ಲಿ ನಾವು ಕನ್ನಡಿಗರು ಒಂದು ಎಚ್ಚರಿಕೆಯನ್ನು ವಹಿಸಬೇಕು. ನಮ್ಮ ‘ಹೊರು’ ಎಂಬ ಪದಕ್ಕೂ ‘ಫೆರ್ರೆ’ಗೂ ಅರ್ಥವೊಂದೇ, ಧ್ವನಿಯೂ ಹತ್ತಿರ, ಇವೂ ಒಂದೇ ಏಕಾಗಬಾರದು ಎನಿಸಬಹುದು. ಆದರೆ ಬಾಂಧವ್ಯಕ್ಕೆ ಮುಖಸಾಮ್ಯವು ಸಾಕ್ಷಿಯಲ್ಲ, ನಿಯಮವೇ ಸಾಕ್ಷಿ. ಭ್ರಾತೃವಿಗೆ ಲ್ಯಾಟಿನ್ನಿನಲ್ಲಿ ‘ಫ್ರಾತೆರ್’, ಇಂಗ್ಲಿಷಿನಲ್ಲಿ ‘ಬ್ರದರ್’. ಭರತಿಗೆ ‘ಫೆರ್ತ್’ ಮತ್ತು ‘ಬೇರ್’. ಪದದ ಆದಿಯಲ್ಲಿ ಭಕಾರವಿದ್ದೆಡೆ ಫಕಾರವು ಹೀಗೆ ಕ್ರಮವಾಗಿ ಬರುತ್ತದೆ. ‘ಹೊರು’ ಎಂಬುದಾದರೋ ಹಳಗನ್ನಡದಲ್ಲಿ ‘ಪೊಱು’. ತಮಿಳಿನಲ್ಲಿ ಇಂದಿಗೂ ಅದು ‘ಪೊಱು’ವೇ. ಅದರ ತವರು ದ್ರಾವಿಡ ಕುಲ. ಆ ಕುಲವು ಸಂಸ್ಕೃತದಿಂದ ಹುಟ್ಟಿದುದಲ್ಲವೆಂಬುದನ್ನು ಮದರಾಸಿನ ಎಲ್ಲಿಸ್ ಎಂಬಾತನು ಅದೇ 1816ರಲ್ಲಿ, ಕ್ಯಾಂಪ್‌ಬೆಲ್ಲನ ತೆಲುಗು ವ್ಯಾಕರಣಕ್ಕೆ ಬರೆದ ಟಿಪ್ಪಣಿಯಲ್ಲಿ ತೋರಿಸಿದನು. ಇಲ್ಲದ ನಂಟನ್ನು ಕಲ್ಪಿಸಿಕೊಂಡರೆ ನಮ್ಮ ಭಾಷೆಗೆ ಗೌರವವು ಹೆಚ್ಚುವುದಿಲ್ಲ. ಅದರ ನಿಜವಾದ ವಂಶವೇ ಮರೆತುಹೋಗುವುದು.

ರೋಮ್ ಸಾಮ್ರಾಜ್ಯವು ಅಳಿದರೂ ಈ ಕ್ರಿಯಾಪದವು ಅಳಿಯಲಿಲ್ಲ. ‘ಆಚೆಗೆ’ ಎಂಬರ್ಥದ ‘ಟ್ರಾನ್ಸ್’ ಸೇರಿ ಫೆರ್ರೆಯಿಂದ ‘ಟ್ರಾನ್ಸ್‌ಫರ್’ ಆಯಿತು. ಅದೇ ಉಪಸರ್ಗವು ಲಾತುಮ್ ರೂಪಕ್ಕೆ ಸೇರಿ ‘ಟ್ರಾನ್ಸ್‌ಲೇಷನ್’ ಆಯಿತು. ಕಚೇರಿಯ ಗುಮಾಸ್ತನಿಗೆ ಬರುವ ವರ್ಗವೂ ಪಂಡಿತನು ಮಾಡುವ ಭಾಷಾಂತರವೂ ಒಂದೇ ಕ್ರಿಯಾಪದದ ಎರಡು ರೂಪಗಳು: ಒಂದರಲ್ಲಿ ಮನುಷ್ಯನನ್ನೂ ಮತ್ತೊಂದರಲ್ಲಿ ಅರ್ಥವನ್ನೂ ಹೊತ್ತು ದಾಟಿಸುತ್ತೇವೆ.

ಹಂಪೆಯ ವಿಠ್ಠಲ ದೇವಾಲಯದ ಬಳಿಯ ಕಲ್ಲಿನ ತುಲಾಭಾರದ ಕಮಾನನ್ನು ತಮ್ಮಲ್ಲಿ ಹಲವರು ನೋಡಿರಬಹುದು. ಅರಸರು ಅಲ್ಲಿ ಚಿನ್ನದೊಡನೆ ತೂಗಿಸಿಕೊಂಡು ದಾನಮಾಡುತ್ತಿದ್ದರೆಂದು ಪ್ರತೀತಿ. ‘ತುಲಾ’ ಎಂಬಲ್ಲಿ ತುಲಿಯ ಧಾತುವಿದೆ. ‘ಭಾರ’ ಎಂಬಲ್ಲಿ ಫೆರೋ ಪದದ ಧಾತುವಿದೆ. ರೋಮನರು ಒಂದೇ ಕ್ರಿಯಾಪದದೊಳಗೆ ಕೂಡಿಸಿದ ಎರಡು ಧಾತುಗಳು ಇಲ್ಲಿ ಒಂದೇ ಸಮಾಸದಲ್ಲಿ ಕೂಡಿವೆ.