ಬಿಲ್ ನಮ್ಮದು, ಪಾಸ್‌ವರ್ಡ್ ಅವರದು

ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಅಂತ ಒಂದಿದೆ. ಕ್ಯಾಬ್‌ನಲ್ಲಿ ಎಷ್ಟೋ ಸಲ ಅದರ ಪಕ್ಕದಲ್ಲೇ ಹೋಗಿದ್ದರೂ ನಾನು ಇಳಿದು ನೋಡಿದ್ದು ಹೋದ ವರ್ಷ. ಮೊದಲ ಮಹಾಯುದ್ಧದಲ್ಲಿ ಸತ್ತ ಮೈಸೂರಿನ ಕುದುರೆ ಸವಾರರ ನೆನಪಿಗೆ ಕಟ್ಟಿದ್ದು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಸೇರಿ ತುರ್ಕರಿಂದ ಹೈಫಾ ಪಟ್ಟಣ ಗೆದ್ದವರು ಇವರೇ. ಅಲ್ಲಿ ನಿಂತಾಗ ಒಂದು ಪ್ರಶ್ನೆ ಹುಟ್ಟಿತು: ಮೈಸೂರಿಗೂ ತುರ್ಕರಿಗೂ ಏನು ಜಗಳ?

ಏನೂ ಇರಲಿಲ್ಲ. ಜಗಳ ಬ್ರಿಟಿಷರದ್ದು. ಸವಾರರನ್ನು ಸಾಕಿದ್ದು ಮಾತ್ರ ಮೈಸೂರು.

ಇದರ ಬೇರು 1799ರಲ್ಲಿದೆ. ಟಿಪ್ಪು ಸತ್ತ ಮೇಲೆ ಈಸ್ಟ್ ಇಂಡಿಯಾ ಕಂಪನಿ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿ ಒಂದು ಒಪ್ಪಂದ ಮಾಡಿಕೊಂಡಿತು. ರಾಜ್ಯವನ್ನು ಕಾಯೋದು ಕಂಪನಿಯ ಸೇನೆ. ಅದಕ್ಕೆ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ಕೊಡಬೇಕು. ಹಣ ಬರೋದು ಅನುಮಾನ ಅನ್ನಿಸಿದರೆ ಆಡಳಿತವನ್ನೇ ವಶಕ್ಕೆ ತಗೋಬಹುದು ಅಂತಲೂ ಬರೆದಿತ್ತು. 1831ರಲ್ಲಿ ಅದೇ ಷರತ್ತು ತೋರಿಸಿ ರಾಜ್ಯ ತಗೊಂಡರು. 1881ರಲ್ಲಿ ವಾಪಸ್ ಕೊಟ್ಟರು, ಆದರೆ ಮಹಾರಾಜರ ಸೇನೆ ಎಷ್ಟಿರಬೇಕು ಅನ್ನೋದನ್ನು ಗವರ್ನರ್ ಜನರಲ್ ನಿಗದಿ ಮಾಡುತ್ತಿದ್ದರು.

ನಮ್ಮ ಭಾಷೆಯಲ್ಲಿ ಹೇಳೋದಾದರೆ, ಸರ್ವರ್ ಬಿಲ್ ನಾವು ಕಟ್ಟಬೇಕು, ಅಡ್ಮಿನ್ ಪಾಸ್‌ವರ್ಡ್ ಬೇರೆಯವರ ಹತ್ತಿರ. ತಿಂಗಳು ತಪ್ಪಿದರೆ ಕಂಪನಿಯೇ ಅವರದ್ದು!

ಹಾಗಾದರೆ ಪ್ರತಿ ಸಂಸ್ಥಾನದ ಬಳಿಯೂ ತನ್ನದೇ ಬಂದೂಕು ಇದ್ದಿದ್ದರೆ ಸರಿಹೋಗುತ್ತಿತ್ತಾ? ಅದಕ್ಕೆ ಉತ್ತರ ನಮ್ಮೂರಲ್ಲಿದೆ. ನನ್ನದು ರಾಯಚೂರು ಸೀಮೆಯ ಹಳ್ಳಿ, 1948ರವರೆಗೆ ನಿಜಾಮರ ಆಳ್ವಿಕೆ. ಭಾರತಕ್ಕೆ ಸೇರಲು ಒಪ್ಪದ ಆ ಸಂಸ್ಥಾನದಲ್ಲಿ ಸರ್ಕಾರಿ ಸೇನೆಯ ಜೊತೆಗೆ ಖಾಸಿಂ ರಜ್ವಿಯ ಖಾಸಗಿ ಪಡೆಯೂ ಇತ್ತು. ಅವರೇ ರಜಾಕಾರರು. ಆಗ ನಮ್ಮಜ್ಜಿ ಸಣ್ಣ ಹುಡುಗಿ. “ರಜಾಕಾರ್ರು ಬಂದ್ರು ಅಂದ್ರ ಸಾಕು, ಕಾಳು ಹಗೇವಿನ್ಯಾಗ ಹಾಕಿ, ನಮ್ಮವ್ವ ನನ್ನ ಕೈ ಹಿಡಕೊಂಡು ಜ್ವಾಳದ ಹೊಲದಾಗ ಅಡಗತಿದ್ಲು” ಅನ್ನುತ್ತಿದ್ದಳು. ಬಂದೂಕು ಹಿಡಿದವರು ಯಾರಿಗೆ ಲೆಕ್ಕ ಕೊಡಬೇಕು ಅಂತ ಹಳ್ಳಿಯ ಯಾರಿಗೂ ಗೊತ್ತಿರಲಿಲ್ಲ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಗೆ ಬಂತು. 17ಕ್ಕೆ ಎಲ್ಲ ಮುಗಿಯಿತು.

ಸಂವಿಧಾನ ಬರೆದವರ ಕಣ್ಣ ಮುಂದೆ ಈ ಎರಡೂ ಅನುಭವ ಇದ್ದವು. ಹಾಗಾಗಿ ಭೂಸೇನೆ, ನೌಕಾಪಡೆ, ವಾಯುಪಡೆ ಮೂರೂ ಕೇಂದ್ರ ಪಟ್ಟಿಯ ಮೊದಲ ಸಾಲುಗಳಲ್ಲೇ ಬಂದವು. ಸರ್ವೋಚ್ಚ ದಂಡನಾಯಕತ್ವ ರಾಷ್ಟ್ರಪತಿಗೆ, ಆದರೆ ಅದು ನಡೆಯಬೇಕಾದದ್ದು ಕಾನೂನಿನ ಪ್ರಕಾರ. ದುಡ್ಡು ಸಂಸತ್ತಿನ ಒಪ್ಪಿಗೆ ಇಲ್ಲದೆ ಹೊರಬರೋಲ್ಲ. ಬಿಲ್ಲು ಪಾಸ್‌ವರ್ಡು ಎರಡೂ, ನಾವು ಆರಿಸಿದವರಿಗೆ ಉತ್ತರ ಕೊಡುವ ಒಂದೇ ವ್ಯವಸ್ಥೆಗೆ ಬಂದವು.

ಆದರೆ ಒಂದೇ ದಿನದಲ್ಲಿ ಅಲ್ಲ. 259ನೇ ವಿಧಿ ಅಂತ ಒಂದಿತ್ತು. ಮೈಸೂರು, ಹೈದರಾಬಾದಿನಂಥ ‘ಬಿ’ ವರ್ಗದ ರಾಜ್ಯಗಳು ಸಂಸತ್ತು ಬೇರೆ ಏರ್ಪಾಡು ಮಾಡುವ ತನಕ ತಮ್ಮ ಪಡೆಗಳನ್ನು ಇಟ್ಟುಕೊಳ್ಳಬಹುದಿತ್ತು. ನಿಧಾನವಾಗಿ ಅವೆಲ್ಲ ಭಾರತೀಯ ಸೇನೆಯಲ್ಲಿ ಬೆರೆತವು. ಹೈಫಾ ಗೆದ್ದ ನಮ್ಮ ಲ್ಯಾನ್ಸರ್ಸ್ 1953ರಲ್ಲಿ 61ನೇ ಕ್ಯಾವಲ್ರಿಯ ಭಾಗವಾದರು. ಕೊನೆಗೆ 7ನೇ ತಿದ್ದುಪಡಿ 259ನೇ ವಿಧಿಯನ್ನೇ ತೆಗೆದುಹಾಕಿತು.

ಆ ತಿದ್ದುಪಡಿ ಜಾರಿಗೆ ಬಂದ ದಿನ ಯಾವುದು ಗೊತ್ತಾ? 1956ರ ನವೆಂಬರ್ 1. ಬಿಲ್ ಕಟ್ಟುತ್ತಿದ್ದ ಮೈಸೂರು, ಹೊಲದಲ್ಲಿ ಅಡಗುತ್ತಿದ್ದ ನಮ್ಮ ರಾಯಚೂರು ಒಂದೇ ರಾಜ್ಯ ಆದ ದಿನ. ನಾವು ರಾಜ್ಯೋತ್ಸವಕ್ಕೆ ಬಾವುಟ ಹಾರಿಸುವಾಗ ಇದು ಯಾರಿಗೂ ನೆನಪಾಗೋಲ್ಲ. ಪರವಾಗಿಲ್ಲ.

ಆದರೆ ಫೆಬ್ರವರಿಯಲ್ಲಿ ಬಜೆಟ್ ಓದುವಾಗ ರಕ್ಷಣೆಯ ಸಾಲು ಬರುತ್ತಲ್ಲ, ಆಗ ಚಾನೆಲ್ ಬದಲಿಸಬೇಡಿ. ಆ ದುಡ್ಡು ಎಷ್ಟು, ಯಾಕೆ ಅಂತ ಕೇಳುವ ಹಕ್ಕು ಮೈಸೂರಿನ ಮಹಾರಾಜರಿಗೂ ಇರಲಿಲ್ಲ, ನಮ್ಮಜ್ಜಿಯ ಅವ್ವನಿಗೂ ಇರಲಿಲ್ಲ. ನಮಗಿದೆ.