ಮೂಸಿ ನದಿ: ಹೈದರಾಬಾದಿನ ನಿನ್ನೆ ಮತ್ತು ನಾಳೆ

ಹೈದರಾಬಾದ್ ಎಂದೊಡನೆ ನಿಮಗೆ ಚಾರ್‌ಮಿನಾರ್, ಗೋಲ್ಕೊಂಡ ಕೋಟೆ, ಸಾಲಾರ್ ಜಂಗ್ ವಸ್ತುಸಂಗ್ರಹಾಲಯ ನೆನಪಾಗುತ್ತವೆ. ಬೀದರ್, ಕಲಬುರಗಿ, ರಾಯಚೂರು ಕಡೆಯ ಹಿರಿಯರಿಗಂತೂ ಅದು ಒಂದು ಕಾಲದ ರಾಜಧಾನಿ. ಆದರೆ ಈ ನಗರದ ಚರಿತ್ರೆಯನ್ನು ಅದರ ನಡುವೆ ಹರಿಯುವ ಮೂಸಿ ನದಿಯ ದಡದಲ್ಲಿ ನಿಂತು ಓದಿದವರು ಕಡಿಮೆ. ಮುಂದಿನ ದಿನಗಳಲ್ಲಿ ಮಳೆ ಆ ನಗರವನ್ನು ಏನು ಮಾಡೀತು ಎಂದು ತಿಳಿಯಬೇಕಾದರೆ ಆ ಓದು ಅಗತ್ಯ.

ಮೂಸಿ ವಿಕಾರಾಬಾದ್ ಸಮೀಪದ ಅನಂತಗಿರಿ ಬೆಟ್ಟಗಳಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುತ್ತದೆ. ನಗರಕ್ಕೆ ಬರುವಷ್ಟರಲ್ಲಿ ಈಸಿ ಎಂಬ ಇನ್ನೊಂದು ಹೊಳೆ ಅದಕ್ಕೆ ಸೇರುತ್ತದೆ. ಕೊನೆಗೆ ಅದು ಕೃಷ್ಣೆಯ ಪಾಲು. ಮಳೆಗಾಲ ಬಿಟ್ಟರೆ ಸೊರಗುವ ನದಿ ಇದು. ಹಾಗಾಗಿ ಈ ಬಂಡೆಯ ನಾಡಿನಲ್ಲಿ ಜನ ಮೊದಲಿನಿಂದಲೂ ಕೆರೆ ಕಟ್ಟಿಯೇ ಬದುಕಿದರು. 1591ರಲ್ಲಿ ಮುಹಮ್ಮದ್ ಕುಲಿ ಕುತುಬ್ ಷಾ ಹೈದರಾಬಾದನ್ನು ಸ್ಥಾಪಿಸುವುದಕ್ಕೂ ಮೊದಲೇ, 1562ರಲ್ಲಿ, ಹುಸೇನ್ ಸಾಗರ ಸಿದ್ಧವಾಗಿತ್ತು. ನದಿ ದಾಟುವ ಪುರಾನಾಪುಲ್ 1578ರದು. ಅಂದರೆ ಕೆರೆ ಮೊದಲು, ಸೇತುವೆ ಆಮೇಲೆ, ಊರು ಕೊನೆಗೆ! ಒಂದು ಕೆರೆಯ ಕೋಡಿ ಬಿದ್ದ ನೀರು ಹಳ್ಳ ಹಿಡಿದು ಮುಂದಿನ ಕೆರೆಗೆ ಹೋಗುವ ಸರಪಳಿ ನಮ್ಮ ಕೋಲಾರ, ತುಮಕೂರು ಕಡೆ ನೀವು ನೋಡಿರುವಂಥದ್ದೇ.

ಈ ಸರಪಳಿಯೇ ಒಮ್ಮೆ ತಿರುಗಿ ಬಿತ್ತು. 1908ರ ಸೆಪ್ಟೆಂಬರ್ 28, ರಂಜಾನ್ ತಿಂಗಳ ಆರಂಭದ ದಿನಗಳು. ನಗರದ ದಕ್ಷಿಣಕ್ಕಿರುವ ಶಂಷಾಬಾದಿನಲ್ಲಿ ಒಂದೇ ದಿನ 12 ಅಂಗುಲಕ್ಕೂ ಮೀರಿ ಮಳೆ ಸುರಿಯಿತು. ಮೂಸಿ ದಡ ಮೀರಿ ಅಫ್ಜಲ್‌ಗಂಜ್, ಚಾದರ್‌ಘಾಟ್ ಸೇತುವೆಗಳನ್ನು ಮುರಿಯಿತು, ಮೊಹಲ್ಲಾಗಳನ್ನೇ ಕೊಚ್ಚಿಕೊಂಡು ಹೋಯಿತು. ಸತ್ತವರು ಸುಮಾರು 15,000 ಎಂಬ ಅಂದಾಜು ಪ್ರಚಲಿತದಲ್ಲಿದೆ. ಉರ್ದು ಕವಿ ಅಮ್ಜದ್ ಹೈದರಾಬಾದಿ ತಾಯಿ, ಪತ್ನಿ, ಮಗಳು ಮೂವರನ್ನೂ ಆ ನೀರಿನಲ್ಲಿ ಕಳೆದುಕೊಂಡರು. ಅಫ್ಜಲ್‌ಗಂಜ್ ಆಸ್ಪತ್ರೆಯ ಆವರಣದ ಹುಣಿಸೆ ಮರ ಹತ್ತಿದ ಸುಮಾರು 150 ಮಂದಿ ಬದುಕಿ ಉಳಿದರು. ಆಗಿನ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನ್ ನದಿಯ ಬಳಿಗೆ ಹೋಗಿ ಹಿಂದೂ ಪ್ರಜೆಗಳ ಪದ್ಧತಿಯಂತೆ ಅದಕ್ಕೆ ಸೀರೆ, ಕುಂಕುಮ ಅರ್ಪಿಸಿದರೆಂದು ಜನ ಇಂದಿಗೂ ಹೇಳುವುದುಂಟು. ನಡೆದದ್ದು ಹಾಗೆಯೇ ಇರಲಿ, ಇಲ್ಲದಿರಲಿ, ಜನ ತಮ್ಮ ಅರಸನನ್ನು ಹೇಗೆ ನೆನಪಿಟ್ಟುಕೊಳ್ಳಲು ಬಯಸಿದರು ಎಂಬುದಕ್ಕೆ ಅದು ಸಾಕ್ಷಿ.

ಇಲ್ಲಿ ನಮ್ಮ ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಬರುತ್ತಾರೆ. ಮುಂಬೈ ಪ್ರಾಂತ್ಯದ ಕೆಲಸ ಬಿಟ್ಟು ಯುರೋಪ್ ಪ್ರವಾಸದಲ್ಲಿದ್ದ ಅವರನ್ನು ನಿಜಾಮ್ ಸರ್ಕಾರ ಕರೆಸಿಕೊಂಡಿತು. 1909ರಲ್ಲಿ ಅವರು ಮಾಡಿದ ಕೆಲಸವನ್ನು ಎಂಜಿನಿಯರಿಂಗ್ ಓದುವವರು ಮಾತ್ರವಲ್ಲ, ಚರಿತ್ರೆ ಓದುವವರೂ ಗಮನಿಸಬೇಕು. ಪ್ರವಾಹ ಹೇಗೆ ಬಂತೆಂದು ತಿಳಿಯಲು ಅವರು ನಗರದಿಂದ ಮೇಲಕ್ಕೆ, ನೀರು ಬಂದ ದಿಕ್ಕಿಗೆ ಹೋದರು. ನಗರದ ಮೇಲ್ಭಾಗದ ಸುಮಾರು 860 ಚದರ ಮೈಲಿ ಜಲಾನಯನದಲ್ಲಿ 788 ಕೆರೆಗಳಿದ್ದವು, ಹೆಚ್ಚುಕಡಿಮೆ ಮೈಲಿಗೊಂದು. ಅವುಗಳಲ್ಲಿ 221 ಒಡೆದಿದ್ದವು. ಮೇಲಿನ ಕೆರೆಯ ಏರಿ ಒಡೆದರೆ ಆ ನೀರಿನ ಹೊಡೆತಕ್ಕೆ ಕೆಳಗಿನದೂ ನಿಲ್ಲದು. ಮಳೆಯ ನೀರಿನ ಜೊತೆ ಕೆರೆಗಳ ನೀರೂ ಒಟ್ಟಿಗೇ ನಗರಕ್ಕೆ ನುಗ್ಗಿತ್ತು. ಹರಿವು ಸುಮಾರು 4.25 ಲಕ್ಷ ಕ್ಯೂಸೆಕ್ ಮುಟ್ಟಿತ್ತೆಂದು ಲೆಕ್ಕ ಹಾಕಲಾಯಿತು.

ಅವರ ಪರಿಹಾರ ಸರಳ: ನೆರೆಯನ್ನು ನಗರದೊಳಗೆ ಎದುರಿಸಬಾರದು, ಮೇಲೆಯೇ ಹಿಡಿದಿಟ್ಟು ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯಲ್ಲಿ ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ 1920ರಲ್ಲೂ, ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ 1927ರಲ್ಲೂ ಮುಗಿದವು. 1912ರಲ್ಲಿ ನಗರ ಸುಧಾರಣಾ ಮಂಡಳಿ ಬಂತು. ನದಿ ದಡಕ್ಕೆ ಗೋಡೆ ಬಂತು. ಅದರ ಪಕ್ಕದಲ್ಲೇ ಉಚ್ಚ ನ್ಯಾಯಾಲಯ, ಉಸ್ಮಾನಿಯಾ ಆಸ್ಪತ್ರೆಯಂತಹ ಕಟ್ಟಡಗಳೂ ಎದ್ದವು.

ಈಗ ಒಂದು ವಿಚಿತ್ರ ನೋಡಿ. ಜಲಾಶಯಗಳು ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿದವೆಂದರೆ, ಅವುಗಳನ್ನು ಕಟ್ಟಿದ್ದು ಯಾಕೆಂಬುದೇ ಜನರಿಗೆ ಮರೆಯಿತು. ಕುಡಿಯುವ ನೀರಿನ ಕೆರೆಗಳೆಂದಷ್ಟೇ ಅವು ಹೆಸರಾದವು. ಕುಡಿಯುವ ನೀರಿಗೆ ಜಲಾಶಯ ತುಂಬಿರಬೇಕು, ನೆರೆ ತಡೆಯಲು ಅದರಲ್ಲಿ ಖಾಲಿ ಜಾಗ ಇರಬೇಕು. ಈ ಎರಡರ ಎಳೆದಾಟ ಇದ್ದೇ ಇದೆ. 1996ರಲ್ಲಿ ಸರ್ಕಾರ 111ನೇ ಆದೇಶದ ಮೂಲಕ ಇವುಗಳ ಸುತ್ತ 10 ಕಿಲೋಮೀಟರ್‌ವರೆಗೆ ದೊಡ್ಡ ನಿರ್ಮಾಣಗಳಿಗೆ ತಡೆ ಹಾಕಿತು. ಆಮೇಲೆ ನಗರಕ್ಕೆ ಕೃಷ್ಣಾ, ಗೋದಾವರಿ ನೀರು ದೂರದಿಂದ ಬಂತು. 2022ರ ಏಪ್ರಿಲ್‌ನಲ್ಲಿ ಆ ನಿರ್ಬಂಧ ತೆಗೆಯುವ ಆದೇಶ ಹೊರಟಾಗ ಕೊಟ್ಟ ಮುಖ್ಯ ಕಾರಣ, ನಗರ ಈಗ ಆ ನೀರನ್ನು ನಂಬಿಕೊಂಡಿಲ್ಲ ಎಂಬುದು. ಕುಡಿಯುವ ನೀರಿನ ಮಟ್ಟಿಗೆ ಆ ಮಾತು ಒಪ್ಪಬಹುದು. ನೆರೆಯ ಮಟ್ಟಿಗೆ ಅದು ಉತ್ತರವೇ ಅಲ್ಲವೆಂಬುದು ನನ್ನ ಅಭಿಪ್ರಾಯ. ಜಲಾನಯನದ ಮಣ್ಣು ಕಾಂಕ್ರೀಟಾದರೆ ಇಂಗಬೇಕಾದ ನೀರೂ ಓಡಿ ಬರುತ್ತದೆ.

2020ರ ಅಕ್ಟೋಬರ್ 13ರಂದು ನಗರದ ಪೂರ್ವ ಅಂಚಿನ ಘಟ್‌ಕೇಸರ್‌ನಲ್ಲಿ ಸುಮಾರು 32 ಸೆಂಟಿಮೀಟರ್ ಮಳೆಯಾಯಿತು. ಲೆಕ್ಕ ಹಾಕಿ ನೋಡಿ: 1908ರ ಶಂಷಾಬಾದಿನ ಮಳೆಯೂ ಇದೂ ಬಹುತೇಕ ಒಂದೇ ಅಳತೆ. ಈ ಬಾರಿ ಹೆಚ್ಚು ಕೆಟ್ಟದ್ದು ಮುಖ್ಯ ನದಿಗಿಂತ ನಗರದೊಳಗಿನ ಕೆರೆಗಳಿಂದ ಬಂತು. ಕೆಲವೇ ದಿನಗಳಲ್ಲಿ ಹಳೆ ಹೈದರಾಬಾದಿನ ಗುರ್ರಂ ಚೆರುವಿನ ಏರಿ ಒಡೆದು ಹಾಫಿಜ್ ಬಾಬಾ ನಗರಕ್ಕೆ ನೀರು ನುಗ್ಗಿತು. ಕೋಡಿ ಹರಿಯುವ ದಾರಿಯಲ್ಲಿ ಬಡಾವಣೆ ಕಟ್ಟಿದ ಕಡೆ ನೀರಿಗೆ ಬೇರೆ ದಾರಿಯಾದರೂ ಎಲ್ಲಿದೆ?

ಮುಂದೇನು? ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹಿಡಿದಿಡಬಲ್ಲ ತೇವಾಂಶ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ. ಆದ್ದರಿಂದ ವರ್ಷದ ಒಟ್ಟು ಮಳೆ ಅಷ್ಟೇ ಇದ್ದರೂ ಕೆಲವೇ ಗಂಟೆಗಳಲ್ಲಿ ಧಾರಾಕಾರವಾಗಿ ಬೀಳುವ ಸಂಭವ ಹೆಚ್ಚು. ವಿಶ್ವೇಶ್ವರಯ್ಯನವರು ಹಳೆಯ ಮಳೆಯ ದಾಖಲೆಗಳನ್ನು ನೋಡಿ ಲೆಕ್ಕ ಹಾಕಬಹುದಿತ್ತು. ಇಂದಿನ ಎಂಜಿನಿಯರ್‌ಗೆ ಹಳೆಯ ದಾಖಲೆ ಬೇಕೇ ಬೇಕು, ಆದರೆ ಅದೊಂದೇ ಸಾಲದು.

2025ರ ಸೆಪ್ಟೆಂಬರ್ ಕೊನೆಯಲ್ಲಿ ಎರಡೂ ಜಲಾಶಯಗಳ ಗೇಟು ತೆರೆದಾಗ ಮಹಾತ್ಮ ಗಾಂಧಿ ಬಸ್ ನಿಲ್ದಾಣಕ್ಕೆ ನೀರು ಹೊಕ್ಕು ಪ್ರಯಾಣಿಕರು ಸಿಕ್ಕಿಬಿದ್ದರು. ಆ ನಿಲ್ದಾಣ ಇರುವುದೇ ನದಿಯ ಪಾತ್ರದಲ್ಲಿ. ಅಂದು ಹರಿದದ್ದು 1908ರ ಹರಿವಿನ ಸಣ್ಣ ಪಾಲು ಮಾತ್ರ. ಅದಕ್ಕೂ ಒಂದು ವರ್ಷ ಮುಂಚೆ, 2024ರಲ್ಲಿ, ಮೂಸಿಯ ಪುನರುಜ್ಜೀವನಕ್ಕೆಂದು ನದಿಪಾತ್ರದ ಮನೆಗಳ ಮೇಲೆ ಅಧಿಕಾರಿಗಳು ಗುರುತು ಹಾಕಿದ್ದರು. ಕೆಲವು ಕುಟುಂಬಗಳು ಸರ್ಕಾರ ಕೊಟ್ಟ ಎರಡು ಕೋಣೆಯ ಮನೆಗಳಿಗೆ ಹೋದವು. ಉಳಿದವರು ಕಾಗದಪತ್ರ ತೋರಿಸಿ, ಮಕ್ಕಳ ಶಾಲೆ, ದಿನದ ದುಡಿಮೆ ಎಲ್ಲವೂ ಇಲ್ಲೇ ಇದೆ ಎಂದರು. ನದಿಗೆ ಜಾಗ ಬೇಕೆಂಬುದು ನಿಜ. ಆ ಜಾಗ ಬಿಡಿಸುವಾಗ ದಡದ ಬಡವನ ಗುಡಿಸಲಿಗೂ ಜಲಾನಯನದ ಭಾರಿ ಕಟ್ಟಡಕ್ಕೂ ಒಂದೇ ಕಾನೂನೇ ಎಂದು ಆ ಮನೆಗಳವರು ಕೇಳಿದರು. ಅವರಿಗೆ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ.