ಮಂಡ್ಯ ಲೋಕಸಭಾ ಕ್ಷೇತ್ರ

ಕರ್ನಾಟಕದ 28 ಲೋಕಸಭಾ ಕ್ಷೇತ್ರಗಳಲ್ಲಿ ಒಂದು, ಕ್ರಮಸಂಖ್ಯೆ 20. ಮಂಡ್ಯ ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳ ಜೊತೆಗೆ ಮೈಸೂರು ಜಿಲ್ಲೆಯ ಕೃಷ್ಣರಾಜನಗರವೂ ಇದರಲ್ಲಿ ಸೇರಿದೆ. 1952ರ ಮೊದಲ ಮಹಾಚುನಾವಣೆಯಿಂದಲೂ ಇದೇ ಹೆಸರಿನಲ್ಲಿದೆ. 1968, 1972, 2013 ಮತ್ತು 2018ರಲ್ಲಿ, ಹೀಗೆ ನಾಲ್ಕು ಸಲ ಉಪಚುನಾವಣೆ ಕಂಡಿದೆ. ಇಲ್ಲಿ ಗೆದ್ದ ಸಂಸದರನ್ನು ವಿಧಾನಸೌಧ ಮತ್ತೆ ಮತ್ತೆ ಹಿಂದಕ್ಕೆ ಸೆಳೆದಿದೆ. ಈ ಕ್ಷೇತ್ರದ ಚರಿತ್ರೆಯಲ್ಲಿ ಎದ್ದು ಕಾಣುವ ಸಂಗತಿ ಇದೇ ಎನ್ನಬಹುದು.

ಗಡಿ

ಮಂಡ್ಯ ಜಿಲ್ಲೆ ಮೈಸೂರು ಜಿಲ್ಲೆಯಿಂದ ಬೇರೆಯಾದದ್ದು 1939ರ ಜುಲೈ 1ರಂದು. ಕ್ಷೇತ್ರದ ಮೈ ಬಹುಮಟ್ಟಿಗೆ ಈ ಜಿಲ್ಲೆಯದೇ. ಈಗಿನ ಗಡಿ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಪುನರ್ವಿಂಗಡಣಾ ಆಯೋಗ 2001ರ ಜನಗಣತಿಯ ಮೇಲೆ ಎಳೆದದ್ದು. 2008ರಲ್ಲಿ ಜಾರಿಗೆ ಬಂತು. ಮಳವಳ್ಳಿ (ಪರಿಶಿಷ್ಟ ಜಾತಿಗೆ ಮೀಸಲು), ಮದ್ದೂರು, ಮೇಲುಕೋಟೆ, ಮಂಡ್ಯ, ಶ್ರೀರಂಗಪಟ್ಟಣ, ನಾಗಮಂಗಲ, ಕೃಷ್ಣರಾಜಪೇಟೆ, ಕೃಷ್ಣರಾಜನಗರ: ಇವು ಅದರ ಎಂಟು ವಿಧಾನಸಭಾ ಕ್ಷೇತ್ರಗಳು.

ಅದಕ್ಕೆ ಮುಂಚೆ ಜಿಲ್ಲೆಗೆ ಒಂಬತ್ತು ವಿಧಾನಸಭಾ ಸ್ಥಾನಗಳಿದ್ದವು. ಜನಸಂಖ್ಯೆಯ ಲೆಕ್ಕದಲ್ಲಿ ಬೆಂಗಳೂರು ಉಬ್ಬಿದಂತೆ ಹಳ್ಳಿಗಾಡಿನ ಜಿಲ್ಲೆಗಳು ಸ್ಥಾನ ಬಿಟ್ಟುಕೊಡಬೇಕಾಯಿತು. ಮಂಡ್ಯ ಎರಡನ್ನು ಕಳೆದುಕೊಂಡಿತು. ಅಳಿದು ಹೋದವು ಕಿರುಗಾವಲು ಮತ್ತು ಕೆರಗೋಡು. ಪಾಂಡವಪುರ ಎಂಬ ಹೆಸರೂ ಕ್ಷೇತ್ರಗಳ ಪಟ್ಟಿಯಿಂದ ಹೋಗಿ, ಆ ಜಾಗಕ್ಕೆ ಮೇಲುಕೋಟೆ ಬಂತು. ಕಿರುಗಾವಲು ಜಿ. ಮಾದೇಗೌಡರನ್ನೂ ಕೆರಗೋಡು ಎಚ್.ಡಿ. ಚೌಡಯ್ಯನವರನ್ನೂ ಹಲವು ಬಾರಿ ವಿಧಾನಸಭೆಗೆ ಕಳಿಸಿದ್ದ ಕ್ಷೇತ್ರಗಳು. ಎರಡೂ ತಾಲ್ಲೂಕು ಕೇಂದ್ರಗಳಲ್ಲ, ಹೋಬಳಿ ಊರುಗಳು. ಕ್ಷೇತ್ರ ಹೋದ ಮೇಲೆ ಅಂಥ ಊರಿಗೆ ರಾಜ್ಯದ ನಕ್ಷೆಯಲ್ಲಿದ್ದ ಒಂದು ಗುರುತೂ ಹೋದಂತೆಯೇ.

ಪುನರ್ವಿಂಗಡಣೆಯ ಆದೇಶವನ್ನು ಓದುವ ಕ್ರಮವನ್ನು ಇಲ್ಲಿ ಸ್ವಲ್ಪ ಹೇಳಬೇಕು. ತಾಲ್ಲೂಕು ಇಡಿಯಾಗಿ ಒಂದು ಕ್ಷೇತ್ರಕ್ಕೆ ಬಂದರೆ ಆದೇಶದಲ್ಲಿ ತಾಲ್ಲೂಕಿನ ಹೆಸರಷ್ಟೇ ಇರುತ್ತದೆ. ತಾಲ್ಲೂಕನ್ನು ಒಡೆದಾಗ ಹೋಬಳಿಯ ಹೆಸರು, ಹೋಬಳಿಯನ್ನೂ ಒಡೆದಾಗ ಕಂದಾಯ ವೃತ್ತದ ಹೆಸರು ಬರುತ್ತದೆ. ಮಂಡ್ಯ ತಾಲ್ಲೂಕಿನಷ್ಟು ಹೀಗೆ ಹಂಚಿಹೋದ ತಾಲ್ಲೂಕು ಈ ಜಿಲ್ಲೆಯಲ್ಲಿ ಬೇರೊಂದಿಲ್ಲ. ಕಸಬಾ, ಕೊತ್ತತ್ತಿ, ದುದ್ದ, ಕೆರಗೋಡು, ಬಸರಾಳು ಎಂಬ ಐದು ಹೋಬಳಿಗಳಲ್ಲಿ ದುದ್ದ ಮೇಲುಕೋಟೆ ಕ್ಷೇತ್ರಕ್ಕೆ ಸೇರಿತು. ಕೊತ್ತತ್ತಿ ಹೋಬಳಿಯ ಹಳ್ಳಿಗಳು ಶ್ರೀರಂಗಪಟ್ಟಣ ಕ್ಷೇತ್ರಕ್ಕೆ ಹೋದವು. ಮದ್ದೂರು ತಾಲ್ಲೂಕಿನ ಕೊಪ್ಪ ಹೋಬಳಿ ನಾಗಮಂಗಲದ ಪಾಲಾಯಿತು. ಪಹಣಿಗೂ ಖಾತೆಗೂ ಮಂಡ್ಯದ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತುವ ಕೊತ್ತತ್ತಿ ಕಡೆಯ ರೈತ, ಶಾಸಕರನ್ನು ಕಾಣಲು ಶ್ರೀರಂಗಪಟ್ಟಣದ ಕಡೆ ಮುಖ ಮಾಡಬೇಕು. ಲೋಕಸಭೆಯ ಮಟ್ಟದಲ್ಲಿ ಮಾತ್ರ ಈ ತುಂಡುಗಳೆಲ್ಲ ಮತ್ತೆ ಒಂದಾಗುತ್ತವೆ. ಆದ್ದರಿಂದ ಇಂಥ ಹೋಬಳಿಗಳ ಮಟ್ಟಿಗೆ ಲೋಕಸಭಾ ಕ್ಷೇತ್ರವೇ ಹೆಚ್ಚು ಸಹಜವಾದ ಗಡಿ ಎಂದರೆ ತಪ್ಪಾಗಲಾರದು.

ಕೃಷ್ಣರಾಜನಗರ ಮೊದಲು ಮೈಸೂರು ಲೋಕಸಭಾ ಕ್ಷೇತ್ರದಲ್ಲಿತ್ತು. ಅದರ ಸೇರ್ಪಡೆಯಿಂದ ಕ್ಷೇತ್ರದ ನೀರಿನ ಭೂಗೋಳವೇ ಬದಲಾಯಿತು. ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆ ಬಯಲು ಕನ್ನಂಬಾಡಿ ಕಟ್ಟೆಯ ಕೆಳಗಿನದು, ವಿಶ್ವೇಶ್ವರಯ್ಯ ನಾಲೆಯನ್ನು ನೆಚ್ಚಿದ್ದು. ಕೃಷ್ಣರಾಜನಗರ ಕಟ್ಟೆಯ ಮೇಲ್ಗಡೆಯದು; ಅಲ್ಲಿನ ಚಾಮರಾಜ ನಾಲೆಗೂ ಕನ್ನಂಬಾಡಿಯ ಮಟ್ಟಕ್ಕೂ ಸಂಬಂಧವಿಲ್ಲ. ನಾಗಮಂಗಲವಂತೂ ಬಹುಪಾಲು ಮಳೆಯಾಶ್ರಿತ ಸೀಮೆ.

ಮೊದಲ ದಶಕಗಳು

1952, 1957, 1962 ಮತ್ತು 1967ರ ನಾಲ್ಕೂ ಚುನಾವಣೆಗಳಲ್ಲಿ ಗೆದ್ದವರು ಕಾಂಗ್ರೆಸ್ಸಿನ ಎಂ.ಕೆ. ಶಿವನಂಜಪ್ಪ. 1968ರ ಉಪಚುನಾವಣೆಯಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದ ಎಸ್.ಎಂ. ಕೃಷ್ಣ ಗೆದ್ದು ಆ ಸಾಲನ್ನು ಮುರಿದರು. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಕೃಷ್ಣ 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ವಿಧಾನಸಭೆಗೆ ಗೆದ್ದಿದ್ದವರು. 1967ರಲ್ಲಿ ಅಲ್ಲೇ ಸೋತಿದ್ದರು. 1971ರಲ್ಲಿ ಅವರು ಕಾಂಗ್ರೆಸ್ಸಿನಿಂದ ಮತ್ತೆ ಲೋಕಸಭೆಗೆ ಹೋದರು. 1977ರಲ್ಲಿ ಕೆ. ಚಿಕ್ಕಲಿಂಗಯ್ಯ, 1980ರಲ್ಲಿ ಮೂರನೆಯ ಬಾರಿಗೆ ಕೃಷ್ಣ ಗೆದ್ದರು.

ಗಾಳಿಯ ಎದುರು

ರಾಜ್ಯದಲ್ಲಿ ಬೀಸಿದ ಗಾಳಿಗೆ ಮಂಡ್ಯ ಅಷ್ಟು ಸುಲಭವಾಗಿ ತಲೆಬಾಗಿಲ್ಲ. 1984ರಲ್ಲಿ ಕಾಂಗ್ರೆಸ್ ರಾಜ್ಯದ 28ರಲ್ಲಿ 24 ಸ್ಥಾನ ಗೆದ್ದಾಗ ಜನತಾ ಪಕ್ಷಕ್ಕೆ ಉಳಿದ ನಾಲ್ಕರಲ್ಲಿ ಮಂಡ್ಯವೂ ಒಂದು. ಗೆದ್ದವರು ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಕಟ್ಟಿದ ಕೆ.ವಿ. ಶಂಕರಗೌಡ. 1998ರಲ್ಲಿ ಜನತಾದಳ ರಾಜ್ಯದಲ್ಲಿ ಮೂರಕ್ಕೆ ಕುಸಿದಾಗಲೂ ಆ ಮೂರರಲ್ಲಿ ಮಂಡ್ಯ ಇತ್ತು. ಜಾತ್ಯತೀತ ಜನತಾದಳ 2009ರಲ್ಲಿ ಗೆದ್ದದ್ದು ಮೂರು, 2014ರಲ್ಲಿ ಎರಡು. ಎರಡೂ ಸಲ ಮಂಡ್ಯ ಅದರ ಕೈಯಲ್ಲೇ ಇತ್ತು. ಭಾರತೀಯ ಜನತಾ ಪಕ್ಷ ತನ್ನ ಚಿಹ್ನೆಯ ಮೇಲೆ ಈ ಕ್ಷೇತ್ರವನ್ನು ಗೆದ್ದದ್ದೇ ಇಲ್ಲ. ಜಿಲ್ಲೆಯ ವಿಧಾನಸಭಾ ಕ್ಷೇತ್ರಗಳಲ್ಲೂ ಅದರ ಮೊದಲ ಗೆಲುವು 2019ರ ಡಿಸೆಂಬರ್‌ನ ಕೃಷ್ಣರಾಜಪೇಟೆ ಉಪಚುನಾವಣೆಯದು.

1989 ಮತ್ತು 1991ರಲ್ಲಿ ಕಾಂಗ್ರೆಸ್ಸಿನ ಜಿ. ಮಾದೇಗೌಡ, 1996ರಲ್ಲಿ ಜನತಾದಳದ ಕೆ.ಆರ್. ಪೇಟೆ ಕೃಷ್ಣ ಸಂಸದರಾದರು. ಮಾದೇಗೌಡರ ಹೆಸರು ಕಾವೇರಿ ಚಳವಳಿಯಿಂದ ಬೇರ್ಪಡಿಸಲಾಗದ್ದು. ಸಂಸತ್ತಿನಲ್ಲಿ ಕುಳಿತದ್ದಕ್ಕಿಂತ ಬೀದಿಯಲ್ಲಿ ಕುಳಿತದ್ದರಿಂದ ಜನ ಅವರನ್ನು ಹೆಚ್ಚು ನೆನೆಯುತ್ತಾರೆ. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ನಟ ಅಂಬರೀಶ್ 1998ರಲ್ಲಿ ಜನತಾದಳದಿಂದಲೂ 1999 ಮತ್ತು 2004ರಲ್ಲಿ ಕಾಂಗ್ರೆಸ್ಸಿನಿಂದಲೂ ಗೆದ್ದರು. ಪಕ್ಷ ಬದಲಾದರೂ ಮತ ಜೊತೆಗೇ ಬಂತು. 2007ರ ಫೆಬ್ರವರಿಯಲ್ಲಿ ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂದಾಗ, ಕೇಂದ್ರದಲ್ಲಿ ರಾಜ್ಯಸಚಿವರಾಗಿದ್ದ ಅವರು ಅದನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಆದರೂ 2009ರಲ್ಲಿ, ಹೊಸ ಗಡಿಯ ಮೊದಲ ಲೋಕಸಭಾ ಚುನಾವಣೆಯಲ್ಲಿ, ಅಂಬರೀಶ್ ಜಾತ್ಯತೀತ ಜನತಾದಳದ ಎನ್. ಚಲುವರಾಯಸ್ವಾಮಿ ಅವರೆದುರು 23,500 ಮತಗಳಿಂದ ಸೋತರು. ಈ ಸೋಲಿನಲ್ಲಿ ಗಡಿ ಬದಲಾದದ್ದರ ಪಾಲೂ ಇದ್ದಿರಬಹುದು. ಅದೊಂದೇ ಕಾರಣ ಎನ್ನಲಾಗದು.

ರಾಜೀನಾಮೆ, ಉಪಚುನಾವಣೆ

ನಾಲ್ಕು ಉಪಚುನಾವಣೆಗಳಲ್ಲಿ ಮೂರು, ಸಂಸದರು ರಾಜ್ಯ ರಾಜಕಾರಣಕ್ಕೆ ಮರಳಿದ್ದರಿಂದ ಬಂದವು. 1972ರಲ್ಲಿ ಎಸ್.ಎಂ. ಕೃಷ್ಣ ಲೋಕಸಭೆ ಬಿಟ್ಟು ದೇವರಾಜ ಅರಸು ಸಂಪುಟ ಸೇರಿದರು. ತೆರವಾದ ಸ್ಥಾನಕ್ಕೆ ಚಿಕ್ಕಲಿಂಗಯ್ಯ ಬಂದರು.

2013ರ ಮೇ ತಿಂಗಳಲ್ಲಿ ಚಲುವರಾಯಸ್ವಾಮಿ ನಾಗಮಂಗಲದಿಂದ ವಿಧಾನಸಭೆಗೆ ಗೆದ್ದು ಲೋಕಸಭೆಗೆ ರಾಜೀನಾಮೆ ಕೊಟ್ಟರು. ಆಗಸ್ಟ್ 21ರ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ನಟಿ ರಮ್ಯಾ, ಸಿ.ಎಸ್. ಪುಟ್ಟರಾಜು ಅವರ ಮೇಲೆ 47 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದು, ಮಂಡ್ಯದ ಮೊದಲ ಮಹಿಳಾ ಸಂಸದೆಯಾದರು. ವರ್ಷ ತುಂಬುವ ಮೊದಲೇ, 2014ರಲ್ಲಿ, ಅದೇ ಪುಟ್ಟರಾಜು ಅವರೆದುರು 5,518 ಮತಗಳಿಂದ ಸೋತರು. ಎಂಟು ವಿಧಾನಸಭಾ ಕ್ಷೇತ್ರಗಳ ಹರವಿನಲ್ಲಿ ಇದು ತೀರ ತೆಳುವಾದ ಅಂತರ.

2018ರಲ್ಲಿ ಪುಟ್ಟರಾಜು ಕೂಡ ಮೇಲುಕೋಟೆಯಿಂದ ಗೆದ್ದು ಸಂಸತ್ತು ಬಿಟ್ಟರು. ಆ ವಿಧಾನಸಭಾ ಚುನಾವಣೆಯಲ್ಲಿ ಎಂಟಕ್ಕೆ ಎಂಟೂ ಸ್ಥಾನ ಜಾತ್ಯತೀತ ಜನತಾದಳದ ಪಾಲಾಗಿದ್ದವು. ನವೆಂಬರ್ 3ರ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಬೆಂಬಲವೂ ಸೇರಿ ಎಲ್.ಆರ್. ಶಿವರಾಮೇಗೌಡ 3.24 ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಅವರಿಗೆ ಸಿಕ್ಕಿದ್ದು ಕೆಲವೇ ತಿಂಗಳ ಅವಧಿ. 2013ರಿಂದ 2019ರವರೆಗಿನ ಆರು ವರ್ಷಗಳಲ್ಲಿ ಇಲ್ಲಿನ ಮತದಾರರು ನಾಲ್ಕು ಸಲ ಲೋಕಸಭೆಗೆ ಮತ ಹಾಕಿದರು, ಐವರು ಸಂಸದರನ್ನು ಕಂಡರು. ಕಾವೇರಿಯ ವ್ಯಾಜ್ಯ ದೆಹಲಿಯಲ್ಲಿ ಬಿಸಿಯಾಗಿದ್ದ ಕಾಲದಲ್ಲೇ ದೆಹಲಿಯ ಕುರ್ಚಿ ಹೀಗೆ ಕೈ ಬದಲಾಯಿಸುತ್ತಿದ್ದುದು ಈ ಸೀಮೆಗೆ ಆದ ನಷ್ಟವೆಂದೇ ಎಣಿಸಬೇಕು.

2019 ಮತ್ತು 2024

ಅಂಬರೀಶ್ 2018ರ ನವೆಂಬರ್ 24ರಂದು ತೀರಿಕೊಂಡರು. 2019ರ ಏಪ್ರಿಲ್ 18ರ ಚುನಾವಣೆಯಲ್ಲಿ ಅವರ ಪತ್ನಿ ಸುಮಲತಾ ಪಕ್ಷೇತರರಾಗಿ ನಿಂತರು. ಕಹಳೆ ಊದುವ ರೈತ ಅವರ ಚಿಹ್ನೆ. ಭಾರತೀಯ ಜನತಾ ಪಕ್ಷ ಅಭ್ಯರ್ಥಿಯನ್ನು ಹಾಕದೆ ಬೆಂಬಲ ನೀಡಿತು. ಅದೇ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರೂ ಸುಮಲತಾ ಅವರಿಗೆ 7,03,660 ಮತಗಳು ಬಂದವು. ಆಗಿನ ಮುಖ್ಯಮಂತ್ರಿಯ ಮಗ ನಿಖಿಲ್ ಕುಮಾರಸ್ವಾಮಿ 1,25,876 ಮತಗಳಿಂದ ಸೋತರು. 1967ರಲ್ಲಿ ಕೆನರಾ ಕ್ಷೇತ್ರದಿಂದ ದಿನಕರ ದೇಸಾಯಿ ಗೆದ್ದ ಮೇಲೆ ಕರ್ನಾಟಕದಿಂದ ಪಕ್ಷೇತರರೊಬ್ಬರು ಲೋಕಸಭೆ ಮುಟ್ಟಿದ್ದು ಆಗಲೇ. ಎಂಟೂ ಶಾಸಕರು ಒಂದೇ ಪಕ್ಷದವರಾಗಿದ್ದರೂ ಆ ಪಕ್ಷ ಸೋತದ್ದು ಈ ಚುನಾವಣೆಯ ನಿಜವಾದ ಮಹತ್ವ.

2024ರಲ್ಲಿ ಇದೇ ಮಾತು ತಿರುಗುಮುರುಗಾಗಿ ನಡೆಯಿತು. ಹಿಂದಿನ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಎಂಟರಲ್ಲಿ ಆರು ಕಾಂಗ್ರೆಸ್ಸಿಗೆ ಹೋಗಿದ್ದವು. ಮೇಲುಕೋಟೆ ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯ ಅವರದಾಗಿತ್ತು, ಕೃಷ್ಣರಾಜಪೇಟೆಯೊಂದೇ ಜಾತ್ಯತೀತ ಜನತಾದಳಕ್ಕೆ ಉಳಿದಿತ್ತು. ಏಪ್ರಿಲ್ 26ರಂದು ಮತದಾನವಾಗಿ, ಭಾರತೀಯ ಜನತಾ ಪಕ್ಷದ ಮೈತ್ರಿಯೊಡನೆ ನಿಂತ ಎಚ್.ಡಿ. ಕುಮಾರಸ್ವಾಮಿ ಕಾಂಗ್ರೆಸ್ಸಿನ ವೆಂಕಟರಮಣೇಗೌಡರನ್ನು 2,84,620 ಮತಗಳಿಂದ ಸೋಲಿಸಿದರು. ಈ ಸಲ ರಾಜೀನಾಮೆಯ ದಿಕ್ಕೂ ಬದಲಾಯಿತು: ಕುಮಾರಸ್ವಾಮಿ ಬಿಟ್ಟದ್ದು ಚನ್ನಪಟ್ಟಣದ ಶಾಸಕ ಸ್ಥಾನವನ್ನು, ಉಳಿಸಿಕೊಂಡದ್ದು ಮಂಡ್ಯವನ್ನು.